ಕಾಳಿಗೆ ಸಕ್ಕರೆ ಹೇಳುವ ಸುದ್ದಿ

ಡಿಸೆಂಬರ್‌ ಕಳೆದು ಜನವರಿ ಬರುವ ಹೊತ್ತಿಗೆ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಆಳೆತ್ತರ ನಿಂತಿರುತ್ತದೆ. ಬದುವಿನ ಮೇಲೆ ಕುಳ್ಳಿನ ಕೆಂಡ ನಿಗಿನಿಗಿ ಉರಿಯುತ್ತದೆ. ಕಾಳು ಇನ್ನೂ ಹಸಿರಾಗಿರುವ ತೆನೆಗಳನ್ನು ಆರಿಸಿ, ಮುರಿದು ತಂದು ಕೆಂಡದಲ್ಲಿ ಸುಡುತ್ತಾರೆ. ಬಿಸಿ ಆರುವ ಮೊದಲೇ ತಿಕ್ಕಿ, ಹೊಟ್ಟು ಊದಿ, ಕಾಳನ್ನು ತಟ್ಟೆಗೆ ಸುರಿಯುತ್ತಾರೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲ, ಕೆನೆಮೊಸರು. ಹೀಗೆ ಸುಟ್ಟ ಎಳೆಗಾಳೇ ಸೀತನಿ. ಅದನ್ನು ತಿನ್ನಲೆಂದೇ ಪಟ್ಟಣದ ನೆಂಟರು ಊರಿಗೆ ಬರುವುದುಂಟು.

ಸೀತನಿಗೆ ತೆನೆ ಆರಿಸುವುದು ಅನುಭವ ಬೇಡುವ ಕೆಲಸ. ಕಾಳನ್ನು ಉಗುರಿನಲ್ಲಿ ಚಿವುಟಿದಾಗ ತೆಳ್ಳಗೆ ನೀರು ಬಂದರೆ ಎಳಸು. ಗಟ್ಟಿ ಹಿಟ್ಟು ಕಂಡರೆ ಬಲಿತಿದೆ. ಇವೆರಡರ ನಡುವೆ, ಮಂದವಾದ ಹಾಲು ಒಸರುವ ಕೆಲವೇ ದಿನ ಅದಕ್ಕೆ ಹದ. ಒಂದು ವಾರ ತಡ ಮಾಡಿದರೆ ಅದೇ ತೆನೆ ರೊಟ್ಟಿಗೆ ಆದೀತು, ಸೀತನಿಗೆ ಆಗದು.

ಆ ಒಂದು ವಾರದಲ್ಲಿ ಸಿಹಿ ಎಲ್ಲಿ ಹೋಯಿತು? ಸಕ್ಕರೆ ಪಿಷ್ಟವಾಯಿತು ಎಂದು ಶಾಲೆಯಲ್ಲಿ ಕಲಿತವರು ಹೇಳುತ್ತಾರೆ. ಮಾತು ನಿಜ, ಆದರೆ ಅದು ಅರ್ಧ ಕಥೆ. ಪಿಷ್ಟವಾಗುವ ಮೊದಲು ಸಕ್ಕರೆ ಇನ್ನೊಂದು ಕೆಲಸ ಮಾಡಿರುತ್ತದೆ. ತೆನೆಯಲ್ಲಿ ಯಾವ ಕಾಳು ಉಳಿಯಬೇಕು, ಉಳಿದ ಕಾಳು ಎಷ್ಟು ದೊಡ್ಡದಾಗಬೇಕು, ಬೆಳೆಯುವುದನ್ನು ಬಿಟ್ಟು ತುಂಬಿಕೊಳ್ಳುವುದನ್ನು ಯಾವಾಗ ಶುರು ಮಾಡಬೇಕು ಎಂಬುದಕ್ಕೆ ಬಹುಮಟ್ಟಿಗೆ ಸೂಚನೆ ಕೊಡುವುದೂ ಅದೇ ಸಕ್ಕರೆ.

ಮನುಷ್ಯರು ತಿನ್ನುವ ಆಹಾರದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಕ್ಕಿ, ಗೋಧಿ, ಮೆಕ್ಕೆಜೋಳ, ಜೋಳ, ರಾಗಿಯಂಥ ಏಕದಳ ಧಾನ್ಯಗಳಿಂದ ಬರುತ್ತದೆ. ಹಾಗಾಗಿ ಕಾಳಿನೊಳಗೆ ನಡೆಯುವ ಈ ವ್ಯವಹಾರ ಸಸ್ಯವಿಜ್ಞಾನಿಗಳ ಕುತೂಹಲಕ್ಕಷ್ಟೇ ಸೀಮಿತವಲ್ಲ. ನಮ್ಮ ಊಟದ ತಟ್ಟೆ ಅದರ ಮೇಲೆ ನಿಂತಿದೆ.

ಆಹಾರವೂ ಹೌದು, ಸುದ್ದಿಯೂ ಹೌದು

ಗಿಡಕ್ಕೆ ಮೆದುಳಿಲ್ಲ, ನರಗಳಿಲ್ಲ. ಆದರೂ ಎಲೆಯಲ್ಲಿ ಇಂದು ಎಷ್ಟು ದುಡಿಮೆ ನಡೆಯಿತು ಎಂಬುದು ಬೇರಿಗೂ ತೆನೆಗೂ ತಿಳಿಯಬೇಕು. ಬಿಸಿಲು ಚೆನ್ನಾಗಿದ್ದ ದಿನ ಹೊಸ ಚಿಗುರು, ಹೊಸ ಕಾಳು ಎಂದು ಖರ್ಚು ಮಾಡಬಹುದು. ಮೋಡ ಕವಿದಾಗ ಅಥವಾ ಮಣ್ಣು ಒಣಗಿದಾಗ ಕೈ ಬಿಗಿ ಹಿಡಿಯಬೇಕು. ಈ ಲೆಕ್ಕವನ್ನು ಗಿಡದ ಒಂದೊಂದು ಜೀವಕೋಶವೂ ತನ್ನ ಬಳಿಗೆ ಬಂದ ಸಕ್ಕರೆಯ ಮಟ್ಟ ನೋಡಿ ಹಾಕಿಕೊಳ್ಳುತ್ತದೆ. ಇದಕ್ಕೆ ಸಕ್ಕರೆ ಸಂಜ್ಞೆ ಎಂದು ಹೆಸರು.

ಸಕ್ಕರೆ ಕಡಿಮೆಯಾದರೆ ಶಕ್ತಿ ಕಡಿಮೆ, ಅದಕ್ಕೇ ಬೆಳವಣಿಗೆಯೂ ಕಡಿಮೆ. ಇದರಲ್ಲಿ ಸುದ್ದಿ, ಸಂಜ್ಞೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 2003ರಲ್ಲಿ. ಅಮೆರಿಕದ ಜೆನ್‌ ಶೀನ್‌ ಅವರ ತಂಡ ಸಾಸಿವೆ ಬಳಗದ ಅರಾಬಿಡೊಪ್ಸಿಸ್‌ ಎಂಬ ಪುಟ್ಟ ಗಿಡದಲ್ಲಿ ಹೆಕ್ಸೊಕೈನೇಸ್‌ ಎಂಬ ಕಿಣ್ವವನ್ನು ಪರೀಕ್ಷಿಸಿತು. ಗ್ಲೂಕೋಸನ್ನು ಶಕ್ತಿಯಾಗಿಸುವ ಕೆಲಸದ ಮೊದಲ ಹೆಜ್ಜೆ ಈ ಕಿಣ್ವದ್ದು.

ತಂಡವು ಗ್ಲೂಕೋಸನ್ನು ಹಿಡಿದುಕೊಳ್ಳಬಲ್ಲ, ಆದರೆ ಅದರ ಮೇಲೆ ಕೆಲಸ ಮಾಡಲಾಗದ ಹೆಕ್ಸೊಕೈನೇಸನ್ನು ಗಿಡಕ್ಕೆ ಕೊಟ್ಟಿತು. ಹಾಗಿದ್ದರೂ ಗಿಡ ಗ್ಲೂಕೋಸ್‌ ಇದೆ ಎಂಬುದನ್ನು ಗ್ರಹಿಸಿತು, ಅದಕ್ಕೆ ತಕ್ಕಂತೆ ನಡೆದುಕೊಂಡಿತು. ಅಂದರೆ ಸಕ್ಕರೆಯನ್ನು ಉಣ್ಣುವುದು ಬೇರೆ, ಸಕ್ಕರೆ ಬಂದಿದೆ ಎಂದು ಅರಿಯುವುದು ಬೇರೆ. ಎರಡಕ್ಕೂ ಗಿಡದಲ್ಲಿ ಪ್ರತ್ಯೇಕ ಏರ್ಪಾಡಿದೆ.

ತಾಯಿಯಿಂದ ಮಗುವಿಗೆ ನೇರ ದಾರಿ ಇಲ್ಲ

ಎಲೆಯಲ್ಲಿ ತಯಾರಾದ ಸಕ್ಕರೆ ಸುಕ್ರೋಸ್‌ ರೂಪದಲ್ಲಿ ಪಯಣ ಹೊರಡುತ್ತದೆ. ನಾವು ಚಹಾಕ್ಕೆ ಹಾಕುವುದೂ ಸುಕ್ರೋಸೇ. ಫ್ಲೋಯಂ ಎಂಬ ಸೂಕ್ಷ್ಮ ನಾಳಗಳಲ್ಲಿ ಅದು ತೆನೆಯತ್ತ ಹರಿಯುತ್ತದೆ. ಭತ್ತ, ಗೋಧಿಗಳಲ್ಲಿ ತೆನೆಗೆ ಅತಿ ಹತ್ತಿರದ ಕೊನೆಯ ಎಲೆಯದು ಇದರಲ್ಲಿ ದೊಡ್ಡ ಪಾಲು. ಅದನ್ನು ಧ್ವಜ ಎಲೆ ಎನ್ನುತ್ತಾರೆ. ಹೂ ಬಿಡುವ ಮೊದಲೇ ದಂಟಿನಲ್ಲಿ ಕೂಡಿಟ್ಟ ಸಕ್ಕರೆಯೂ ಆಮೇಲೆ ಕಾಳಿಗೆ ಬರುತ್ತದೆ. ಬರದ ವರ್ಷ ಎಲೆ ಬೇಗ ಒಣಗಿದರೆ ಈ ಕೂಡಿಟ್ಟ ಗಂಟೇ ಕಾಳನ್ನು ಕಾಯುತ್ತದೆ.

ಕಾಳಿನ ಬುಡಕ್ಕೆ ಬಂದಮೇಲೆ ಒಂದು ತೊಡಕು ಎದುರಾಗುತ್ತದೆ. ಕಾಳಿನ ಹೊರಪದರ ತಾಯಿಗಿಡದ ಅಂಗ. ಒಳಗಿರುವ ಭ್ರೂಣ ಮತ್ತು ಅದಕ್ಕೆ ಆಹಾರ ಕೂಡಿಡುವ ಭ್ರೂಣಾಹಾರ ಮುಂದಿನ ತಲೆಮಾರಿನವು. ಅಕ್ಕಿಯಲ್ಲಿ ನಾವು ಉಣ್ಣುವ ಬಿಳಿ ಭಾಗ, ಗೋಧಿಯ ಮೈದಾ, ಜೋಳದ ಹಿಟ್ಟಿನ ಬಹುಪಾಲು ಎಲ್ಲವೂ ಈ ಭ್ರೂಣಾಹಾರವೇ. ತಾಯಿಯ ಜೀವಕೋಶಕ್ಕೂ ಮಗುವಿನ ಜೀವಕೋಶಕ್ಕೂ ನಡುವೆ ಕಿಂಡಿಗಳಿಲ್ಲ. ತಾಯಿಯ ಕಡೆಯ ಕೋಶಗಳು ಸಕ್ಕರೆಯನ್ನು ನಡುವಿನ ತೆರಪಿಗೆ ಬಿಡಬೇಕು, ಮಗುವಿನ ಕಡೆಯವು ಅಲ್ಲಿಂದ ಎತ್ತಿಕೊಳ್ಳಬೇಕು.

ಇದು ನಡೆಯುವ ಜಾಗವನ್ನು ಬರಿಗಣ್ಣಿನಲ್ಲೇ ಗುರುತಿಸಬಹುದು. ಒಂದು ಗೋಧಿ ಕಾಳನ್ನು ಅಂಗೈಯಲ್ಲಿಟ್ಟು ನೋಡಿ. ಹೊಟ್ಟೆಯ ಮೇಲೆ ಉದ್ದಕ್ಕೂ ಒಂದು ಸೀಳು ಇರುತ್ತದೆ. ಆ ಸೀಳಿನ ಗುಂಟ ನಾಳ ಹಾದುಹೋಗಿ ಕಾಳಿನ ಉದ್ದಕ್ಕೂ ಸಕ್ಕರೆ ಹಂಚುತ್ತದೆ. ಮೆಕ್ಕೆಜೋಳದಲ್ಲಿ ನಾಳ ಕಾಳಿನ ಬುಡದಲ್ಲೇ ಮುಗಿಯುತ್ತದೆ, ಎಲ್ಲ ಸಕ್ಕರೆಯೂ ಅಲ್ಲಿಂದಲೇ ಒಳಗೆ ಹೋಗಬೇಕು. ಕಾಳು ಪೂರ್ತಿ ಬಲಿತಾಗ ಆ ಬುಡ ಮುಚ್ಚಿಹೋಗಿ ಕಪ್ಪು ಪದರ ಕಟ್ಟುತ್ತದೆ. ಜೋಳ, ಮೆಕ್ಕೆಜೋಳದ ಕಾಳಿನ ಬುಡವನ್ನು ಉಗುರಿನಿಂದ ಕೆರೆದಾಗ ಈ ಕಪ್ಪು ಕಂಡರೆ ಸಕ್ಕರೆಯ ದಾರಿ ಮುಚ್ಚಿದೆ, ಇನ್ನು ಕಾಳಿನ ತೂಕ ಏರದು ಎಂದರ್ಥ.

ಮೊದಲು ಕೋಶ, ಆಮೇಲೆ ಪಿಷ್ಟ

ಪರಾಗ ತಾಗಿದ ಮೇಲೆ ಕಾಳಿನೊಳಗೆ ಎರಡು ಮಿಲನ ನಡೆಯುತ್ತವೆ. ಒಂದರಿಂದ ಭ್ರೂಣ, ಇನ್ನೊಂದರಿಂದ ಭ್ರೂಣಾಹಾರ. ರಷ್ಯಾದ ಸೆರ್ಗೈ ನವಾಶಿನ್‌ 1898ರಲ್ಲಿ ಈ ಜೋಡಿ ಮಿಲನವನ್ನು ಮೊದಲು ವರ್ಣಿಸಿದರು.

ಭ್ರೂಣಾಹಾರದ ಬೆಳವಣಿಗೆ ವಿಚಿತ್ರವಾಗಿದೆ. ಮೊದಲ ಕೆಲವು ದಿನ ಕೋಶಕೇಂದ್ರಗಳು ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುತ್ತವೆ, ನಡುವೆ ಗೋಡೆಗಳು ಏಳುವುದಿಲ್ಲ. ಆಮೇಲೆ ಗೋಡೆ ಎದ್ದು ಬಿಡಿಬಿಡಿ ಕೋಶಗಳಾಗುತ್ತವೆ, ಆ ಕೋಶಗಳು ಇನ್ನೂ ಕೆಲಕಾಲ ಒಡೆದು ಹೆಚ್ಚುತ್ತವೆ. ಇದು ಮೊದಲ ಘಟ್ಟ. ಇಷ್ಟಾದ ಮೇಲೆ ಪಿಷ್ಟ ತುಂಬುವ ಕೆಲಸ. ಈ ಎರಡನೆಯ ಘಟ್ಟವನ್ನೇ ರೈತರು ಹಾಲು ತುಂಬುವುದು, ಕಾಳು ಕಟ್ಟುವುದು ಎನ್ನುತ್ತಾರೆ.

ಕಾಳು ಎಷ್ಟು ಪಿಷ್ಟ ಹಿಡಿದೀತು ಎಂಬುದು ಮೊದಲ ಘಟ್ಟದಲ್ಲೇ ಬಹಳಷ್ಟು ತೀರ್ಮಾನವಾಗಿರುತ್ತದೆ. ಕೋಶಗಳ ಸಂಖ್ಯೆ ಕಡಿಮೆಯಾದರೆ ಆಮೇಲೆ ಎಷ್ಟೇ ಸಕ್ಕರೆ ಬಂದರೂ ಇಡಲು ಜಾಗ ಸಾಲದು. ಹೂ ಬಿಟ್ಟ ಮೊದಲ ಎರಡು ವಾರಗಳ ಬಗ್ಗೆ ಕೃಷಿ ವಿಜ್ಞಾನಿಗಳು ಅಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕಾಗಿ.

ಮೊದಲ ಘಟ್ಟದಿಂದ ಎರಡನೆಯದಕ್ಕೆ ಹೊರಳಲು ಸೂಚನೆ ಕೊಡುವುದರಲ್ಲೂ ಸಕ್ಕರೆಯ ಕೈವಾಡವಿದೆ. ಜರ್ಮನಿಯ ಗಾಟರ್ಸ್‌ಲೇಬೆನ್‌ನಲ್ಲಿರುವ ಸಸ್ಯ ಸಂಶೋಧನಾ ಸಂಸ್ಥೆಯವರು ಮೊದಲು ಅವರೆ ಬಳಗದ ಬೀಜಗಳಲ್ಲಿ, ಮುಂದೆ ಬಾರ್ಲಿಯಲ್ಲಿ ಇದನ್ನು ಬಿಡಿಸಿ ನೋಡಿದರು. ಎಳೆಯ ಬೀಜದಲ್ಲಿ ಸುಕ್ರೋಸನ್ನು ಗ್ಲೂಕೋಸ್‌ ಮತ್ತು ಫ್ರಕ್ಟೋಸಾಗಿ ಒಡೆಯುವ ಕೆಲಸ ಜೋರಾಗಿರುತ್ತದೆ. ಗ್ಲೂಕೋಸ್‌ ಹೆಚ್ಚಿರುವಷ್ಟು ಕಾಲ ಕೋಶಗಳು ಒಡೆಯುತ್ತವೆ. ಸುಕ್ರೋಸ್‌ ಒಡೆಯದೆ ಹಾಗೇ ಉಳಿಯತೊಡಗಿದಾಗ ಕೋಶಗಳು ಒಡೆಯುವುದನ್ನು ಬಿಟ್ಟು ಕೂಡಿಡುವ ಕೆಲಸಕ್ಕೆ ಇಳಿಯುತ್ತವೆ. ಒಟ್ಟು ಸಕ್ಕರೆ ಎಷ್ಟು ಎನ್ನುವಷ್ಟೇ ಯಾವ ಸಕ್ಕರೆ ಎಷ್ಟು ಎನ್ನುವುದೂ ಮುಖ್ಯ.

ಗುಜ್ಜಾರಿ ಕಾಳಿನ ಪಾಠ

ಸುಕ್ರೋಸನ್ನು ಒಡೆಯುವ ಕಿಣ್ವದ ಹೆಸರು ಇನ್ವರ್ಟೇಸ್‌. ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮೆಕ್ಕೆಜೋಳದ ಮಿನಿಯೇಚರ್‌-1 ಎಂಬ ತಳಿ ತೋರಿಸಿಕೊಟ್ಟಿತು. ಅದರ ಕಾಳು ಸಾಮಾನ್ಯ ಕಾಳಿನ ಐದನೇ ಒಂದು ಪಾಲಿನಷ್ಟೇ ತೂಗುತ್ತದೆ. ತಾಯಿಗಿಡ ಆರೋಗ್ಯವಾಗಿಯೇ ಇರುತ್ತದೆ, ಎಲೆಗಳೂ ದುಡಿಯುತ್ತವೆ, ಆದರೂ ಕಾಳು ಮಾತ್ರ ಬೆಳೆಯುವುದಿಲ್ಲ.

ಅಮೆರಿಕದ ಪ್ರೇಮ್‌ ಚೌರೆ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದರ ಕಾರಣ ಹುಡುಕಿದರು. ಕಾಳಿನ ಬುಡದಲ್ಲಿ, ಸಕ್ಕರೆ ಒಳಬರುವ ಜಾಗದಲ್ಲೇ ಕೆಲಸ ಮಾಡಬೇಕಾದ ಇನ್ವರ್ಟೇಸ್‌ ಈ ತಳಿಯಲ್ಲಿ ಕೆಟ್ಟಿತ್ತು. ಮುಂದೆ ಅದೇ ತಂಡ ಇನ್ನೊಂದು ಸಂಗತಿ ಕಂಡುಕೊಂಡಿತು. ಈ ಗುಜ್ಜಾರಿ ಕಾಳುಗಳಲ್ಲಿ ಬೆಳವಣಿಗೆಯ ಹಾರ್ಮೋನಾದ ಆಕ್ಸಿನ್‌ ಕೂಡ ಬಹಳ ಕಡಿಮೆ. ಗ್ಲೂಕೋಸಿನ ಮಟ್ಟ ನೋಡಿಯೇ ಕಾಳು ಆಕ್ಸಿನ್‌ ತಯಾರಿಸುತ್ತದೆ. ಸಕ್ಕರೆಯ ಸುದ್ದಿ ಬರದಿದ್ದರೆ ಹಾರ್ಮೋನಿನ ಸುದ್ದಿಯೂ ಹೊರಡುವುದಿಲ್ಲ.

ಭತ್ತದಲ್ಲಿ ಇದೇ ಬಗೆಯ ಇನ್ವರ್ಟೇಸ್‌ ತಯಾರಿಸುವ ವಂಶವಾಹಿಯನ್ನು ಚೀನಾದ ವಿಜ್ಞಾನಿಗಳು 2008ರಲ್ಲಿ ಗುರುತಿಸಿ ಜಿಐಎಫ್‌-1 ಎಂದು ಕರೆದರು. ಅದು ಕೆಟ್ಟರೆ ಭತ್ತದ ಕಾಳು ಅರೆಬರೆ ತುಂಬುತ್ತದೆ. ಹಾಗಾದರೆ ಆ ಕಿಣ್ವವನ್ನು ಹೆಚ್ಚಿಸಿದರೆ ಕಾಳು ದಪ್ಪವಾಗಬೇಕಲ್ಲವೇ? ಕಾಡು ಭತ್ತದಲ್ಲಿರುವಂತೆ ಮನಬಂದ ಕಡೆಯೆಲ್ಲ ಅದು ಕೆಲಸ ಮಾಡುವ ಹಾಗೆ ಮಾಡಿದಾಗ ಕಾಳು ಸಣ್ಣದಾಯಿತು. ಅದರ ಸಹಜ ಜಾಗದಲ್ಲಿ ಮಾತ್ರ ಹೆಚ್ಚಿಸಿದಾಗ ಇಳುವರಿ ಏರಿತು. ಸರಿಯಾದ ಸುದ್ದಿ ತಪ್ಪು ಜಾಗದಲ್ಲಿ ಬಂದರೆ ಕೆಲಸ ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಒಡೆದ ಸಕ್ಕರೆಯನ್ನು ಭ್ರೂಣಾಹಾರದೊಳಕ್ಕೆ ಸಾಗಿಸಲು ಸ್ವೀಟ್‌ ಎಂಬ ಹೆಸರಿನ ಪ್ರೋಟೀನುಗಳಿವೆ. ಈ ಕುಟುಂಬ ಪತ್ತೆಯಾದದ್ದು 2010ರಲ್ಲಿ. ಐದು ವರ್ಷ ಕಳೆದು, ಮೆಕ್ಕೆಜೋಳದಲ್ಲಿ ಇವುಗಳ ಪೈಕಿ ಒಂದು ಕೆಟ್ಟರೆ ಕಾಳಿನ ಸಿಪ್ಪೆ ಮಾತ್ರ ಉಳಿದು ಒಳಗೆ ಟೊಳ್ಳಾಗುತ್ತದೆ ಎಂದು ತಿಳಿಯಿತು. ಮೆಕ್ಸಿಕೊದಲ್ಲಿ ಸುಮಾರು 9,000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಮೆಕ್ಕೆಜೋಳವಾಗಿ ಪಳಗಿಸಿದ ಜನರ ಆಯ್ಕೆಯ ಗುರುತು ಇದೇ ವಂಶವಾಹಿಯ ಮೇಲೂ ಇದೆ. ದಪ್ಪ ಕಾಳಿನ ತೆನೆಯನ್ನು ವರ್ಷವರ್ಷವೂ ಬಿತ್ತನೆಗೆ ಎತ್ತಿಟ್ಟ ರೈತರು ತಮಗರಿವಿಲ್ಲದೆ ಸಕ್ಕರೆಯ ದಾರಿಯನ್ನೇ ಅಗಲ ಮಾಡುತ್ತಿದ್ದರು.

ಕೈ ಬಿಗಿಯುವ ಕಿಣ್ವ, ಕೈ ಬಿಡಿಸುವ ಅಣು

ಸಕ್ಕರೆ ಬಂತು ಎಂಬ ಸುದ್ದಿ ಕೋಶದೊಳಗೆ ಹೇಗೆ ಹರಡುತ್ತದೆ? ಇದರಲ್ಲಿ ಎರಡು ಹೆಸರು ನೆನಪಿಟ್ಟರೆ ಸಾಕು.

ಮೊದಲನೆಯದು ಸ್ನಾರ್ಕ್‌-1 ಎಂಬ ಕಿಣ್ವ. ಯೀಸ್ಟಿನಿಂದ ಹಿಡಿದು ಮನುಷ್ಯರವರೆಗೆ ಇದರ ದಾಯಾದಿಗಳಿವೆ. ಕಣಜ ಬರಿದಾಗುತ್ತಿದೆ ಎಂದು ಗೊತ್ತಾದ ಕೂಡಲೇ ಖರ್ಚಿಗೆ ಕಡಿವಾಣ ಹಾಕುವ ಮನೆಯ ಹಿರಿಯಾಕೆಯಂತೆ ಇದರ ನಡೆ. ಸಕ್ಕರೆ ಇಳಿದಾಗ ಸ್ನಾರ್ಕ್‌-1 ಚುರುಕಾಗಿ ನೂರಾರು ವಂಶವಾಹಿಗಳ ಕೆಲಸವನ್ನು ಬದಲಿಸುತ್ತದೆ. ಹೊಸ ಬೆಳವಣಿಗೆ ನಿಲ್ಲುತ್ತದೆ, ಕೂಡಿಟ್ಟದ್ದನ್ನು ಕರಗಿಸಿ ಬಳಸುವುದು ಶುರುವಾಗುತ್ತದೆ.

ಎರಡನೆಯದು ಟ್ರೆಹಲೋಸ್‌-6-ಫಾಸ್ಫೇಟ್‌. ವಿಜ್ಞಾನಿಗಳು ಚುಟುಕಾಗಿ ಟಿ6ಪಿ ಎನ್ನುತ್ತಾರೆ. ಇದೂ ಸಕ್ಕರೆಯ ಬಳಗದ್ದೇ, ಆದರೆ ಗಿಡದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಹೊಟ್ಟೆ ತುಂಬಿಸುವಷ್ಟು ಇಲ್ಲ, ಸುದ್ದಿ ಮುಟ್ಟಿಸಲು ಸಾಕು. ಸುಕ್ರೋಸ್‌ ಏರಿದಾಗ ಟಿ6ಪಿ ಏರುತ್ತದೆ, ಇಳಿದಾಗ ಇಳಿಯುತ್ತದೆ. ಬೆಳೆಯುತ್ತಿರುವ ಎಳೆಯ ಅಂಗಗಳಲ್ಲಿ ಅದು ಸ್ನಾರ್ಕ್‌-1ನ್ನು ತಡೆಯುತ್ತದೆ ಎಂದು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಟಿ6ಪಿ ಇದ್ದಲ್ಲಿ ಕೈ ಬಿಗಿ ಸಡಿಲವಾಗಿ ಬೆಳವಣಿಗೆಗೆ ದಾರಿಯಾಗುತ್ತದೆ.

ಗೋಧಿಯಲ್ಲಿ ಈ ಅಣು ಮೊದಲ ವಾರದಲ್ಲಿ ತುಂಬ ಹೆಚ್ಚಿರುತ್ತದೆ, ಕಾಳು ತುಂಬುವ ಘಟ್ಟ ಮುಂದುವರಿದಂತೆ ಬಹಳ ಕೆಳಗಿಳಿಯುತ್ತದೆ. ಕೋಶಗಳು ಹೆಚ್ಚುವ ಕಾಲ, ಪಿಷ್ಟ ತುಂಬುವ ಕಾಲ ಎಂಬ ಎರಡು ಘಟ್ಟಗಳೊಂದಿಗೆ ಈ ಏರಿಳಿತ ಹೆಜ್ಜೆ ಹಾಕುತ್ತದೆ. ತೆನೆಯ ಆಕಾರದ ಮೇಲೂ ಇದರ ಹಿಡಿತವಿದೆ. ಟಿ6ಪಿಯನ್ನು ಒಡೆಯುವ ಒಂದು ಕಿಣ್ವ ಕೆಟ್ಟರೆ ಮೆಕ್ಕೆಜೋಳದ ತೆನೆ ಕವಲೊಡೆಯುತ್ತದೆ ಎಂಬುದು 2006ರಲ್ಲೇ ಗೊತ್ತಾಗಿತ್ತು.

ಸ್ವೀಟ್‌ ಕಾರ್ನ್‌ ಯಾಕೆ ಸಿಹಿ?

ಸಂಜ್ಞೆ ಸಿಕ್ಕ ಮೇಲೆ ಸಕ್ಕರೆಯನ್ನು ಪಿಷ್ಟವಾಗಿಸುವ ಕಿಣ್ವಗಳ ಸಾಲು ಕೆಲಸಕ್ಕಿಳಿಯುತ್ತದೆ. ಅದರಲ್ಲಿ ಒಂದು ಕೊಂಡಿ ತಪ್ಪಿದರೂ ಸಕ್ಕರೆ ಹಾಗೇ ಉಳಿಯುತ್ತದೆ. ಮಾಲ್‌ಗಳಲ್ಲಿ, ಜಾತ್ರೆಗಳಲ್ಲಿ ಕಪ್ಪಿನಲ್ಲಿ ಹಾಕಿ ಬೆಣ್ಣೆ, ಮಸಾಲೆ ಸೇರಿಸಿ ಕೊಡುವ ಸ್ವೀಟ್‌ ಕಾರ್ನ್‌ ಇಂಥ ತಪ್ಪಿದ ಕೊಂಡಿಯ ಫಲ.

ಅಮೆರಿಕದ ಇಲಿನಾಯ್‌ ವಿಶ್ವವಿದ್ಯಾಲಯದ ಜಾನ್‌ ಲಾಫ್ನನ್‌ 1950ರ ದಶಕದ ಆರಂಭದಲ್ಲಿ ಮೆಕ್ಕೆಜೋಳದ ಶ್ರಂಕನ್‌-2 ಎಂಬ ತಳಿಯ ಕಾಳಿನಲ್ಲಿ ಸಕ್ಕರೆ ಅಸಾಮಾನ್ಯವಾಗಿ ಹೆಚ್ಚಿರುವುದನ್ನು ಗಮನಿಸಿದರು. ಪಿಷ್ಟ ತಯಾರಿಯ ಮುಖ್ಯ ಕಿಣ್ವವೊಂದು ಅದರಲ್ಲಿ ಕೆಟ್ಟಿರುತ್ತದೆ. ಇಂದಿನ ಸೂಪರ್‌ ಸ್ವೀಟ್‌ ತಳಿಗಳ ಮೂಲ ಅದೇ. ಎಳೆಯದಾಗಿದ್ದಾಗ ಈ ಕಾಳು ನುಣುಪಾಗಿ ಉಬ್ಬಿರುತ್ತದೆ. ಬಿತ್ತನೆಗೆಂದು ಒಣಗಿಸಿದ ಬೀಜವನ್ನು ನೋಡಿ: ಪಿಷ್ಟವಿಲ್ಲದ ಕಾರಣ ಒಳಕ್ಕೆ ಕುಸಿದು ಸುಕ್ಕುಗಟ್ಟಿರುತ್ತದೆ. ಹೆಸರಿಗೆ ತಕ್ಕ ಹಾಗೆ ನಾಲಿಗೆಗೆ ರುಚಿ, ಆದರೆ ಹಿಟ್ಟಿಗೆ ಪ್ರಯೋಜನವಿಲ್ಲ.

ತೆನೆಯ ತುದಿ ಬೋಳಾಗುವುದೇಕೆ?

ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳದ ರೈತರಿಗೆ ಇದು ಪರಿಚಿತ ನೋಟ. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ತೆನೆಯ ಬುಡದಲ್ಲಿ ಕಾಳು ತುಂಬಿರುತ್ತದೆ, ತುದಿ ಬೋಳಾಗಿರುತ್ತದೆ. ಬುಡದ ಕಾಳುಗಳ ರೇಷ್ಮೆ ಎಳೆಗಳು ಮೊದಲು ಹೊರಬಂದು ಮೊದಲು ಪರಾಗ ಹಿಡಿಯುತ್ತವೆ. ತುದಿಯವು ಕೊನೆಗೆ. ಸಕ್ಕರೆ ಕಡಿಮೆಯಾದಾಗ ತಡವಾಗಿ ಬಂದವುಗಳಿಗೆ ಏನೂ ಉಳಿಯುವುದಿಲ್ಲ.

ನೀರಿಲ್ಲದೆ ಕಾಳು ಸತ್ತಿತೋ, ಸಕ್ಕರೆಯಿಲ್ಲದೆ ಸತ್ತಿತೋ? ಅಮೆರಿಕದ ಜಾನ್‌ ಬಾಯರ್‌ ಮತ್ತು ಸಂಗಡಿಗರು 1991ರಲ್ಲಿ ವರದಿ ಮಾಡಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ನೀರಿಲ್ಲದೆ ಬಾಡಿದ ಮೆಕ್ಕೆಜೋಳದ ದಂಟಿಗೆ ಅವರು ಸಕ್ಕರೆ ಸೇರಿದ ಪೋಷಕ ದ್ರಾವಣವನ್ನು ಏರಿಸಿದರು. ಗಿಡ ಬಾಡಿಯೇ ಇತ್ತು, ಕಾಳುಗಳು ಮಾತ್ರ ಉಳಿದವು. ಮುಂದಿನ ಪ್ರಯೋಗಗಳಲ್ಲಿ ಬರದ ಮೊದಲ ಏಟಿಗೇ ಎಳೆಗಾಳಿನ ಬುಡದಲ್ಲಿ ಇನ್ವರ್ಟೇಸ್‌ ಕುಸಿಯುವುದು, ಗ್ಲೂಕೋಸ್‌ ಬತ್ತುವುದು, ಸಾಯುವ ಸೂಚನೆ ಕೊಡುವ ವಂಶವಾಹಿಗಳು ಎಚ್ಚರಗೊಳ್ಳುವುದು ಕಂಡವು.

ಭತ್ತದಲ್ಲಿ ತೊಂದರೆ ಇನ್ನೊಂದು ಬಗೆಯದು. ತೆನೆಯ ಮೇಲ್ಭಾಗದ ಹೂಗಳು ಮೊದಲು ಅರಳಿ ಚೆನ್ನಾಗಿ ತುಂಬುತ್ತವೆ. ಕೆಳಗಿನ ಕವಲುಗಳವು ತಡವಾಗಿ ಅರಳಿ ಅರ್ಧಕ್ಕೆ ನಿಲ್ಲುತ್ತವೆ, ಒಕ್ಕಿದಾಗ ಜೊಳ್ಳಾಗಿ ತೂರಿಹೋಗುತ್ತವೆ. ತೆನೆಗೆ ಇನ್ನೂರಕ್ಕೂ ಹೆಚ್ಚು ಕಾಳು ಬಿಡಬಲ್ಲ ಚೀನಾದ ಸೂಪರ್‌ ಭತ್ತದ ತಳಿಗಳಿಗೆ ಇದೇ ದೊಡ್ಡ ತಲೆನೋವು. ಯಾಂಗ್‌ಜೋ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದಾಗ ಆ ಕೆಳಗಿನ ಕಾಳುಗಳಲ್ಲಿ ಆರಂಭದಲ್ಲಿ ಸುಕ್ರೋಸಿಗೆ ಕೊರತೆಯೇ ಇರಲಿಲ್ಲ. ಅದನ್ನು ಪಿಷ್ಟವಾಗಿಸುವ ಕೆಲಸ ಮಂದವಾಗಿತ್ತು. ಉಣ್ಣಲು ಇದ್ದರೂ ಉಣ್ಣುವ ಸೂಚನೆ ಸಿಕ್ಕಿರಲಿಲ್ಲ.

ಬಿಸಿಯೂ ಈ ವ್ಯವಸ್ಥೆಯನ್ನು ಕದಡುತ್ತದೆ. ಕಾಳು ತುಂಬುವಾಗ ಸೆಕೆ ಹೆಚ್ಚಾದರೆ ಅಕ್ಕಿಯ ಪಿಷ್ಟದ ಹರಳುಗಳು ಸಡಿಲವಾಗಿ ಕೂರುತ್ತವೆ. ಅಕ್ಕಿಯ ಹೊಟ್ಟೆಯಲ್ಲಿ ಮಸುಕು ಬಿಳಿ ಕಲೆ ಕಾಣುತ್ತದೆ, ಮಿಲ್ಲಿನಲ್ಲಿ ಅಂಥ ಕಾಳು ನುಚ್ಚಾಗುತ್ತದೆ. ರಾತ್ರಿಯ ಸೆಕೆಯದು ಬೇರೆಯೇ ಹೊಡೆತ: ಹಗಲು ಗಳಿಸಿದ ಸಕ್ಕರೆಯನ್ನು ಗಿಡ ರಾತ್ರಿ ಉಸಿರಾಟದಲ್ಲೇ ಸುಟ್ಟುಹಾಕುತ್ತದೆ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳ 1992ರಿಂದ 2003ರವರೆಗಿನ ಇಳುವರಿಯನ್ನು ಹವಾಮಾನದೊಂದಿಗೆ ಹೋಲಿಸಿದಾಗ, ಬೇಸಿಗೆ ಬೆಳೆಯಲ್ಲಿ ರಾತ್ರಿಯ ಕನಿಷ್ಠ ಉಷ್ಣತೆ 1 ಡಿಗ್ರಿ ಏರಿದಾಗ ಇಳುವರಿ ಶೇ 10ರಷ್ಟು ಇಳಿದದ್ದು ಕಂಡಿತು.

ರೋಗಾಣುವಿಗೂ ಗೊತ್ತಿರುವ ಗುಟ್ಟು

ಸಕ್ಕರೆಯ ಈ ದಾರಿ ನಮಗಿಂತ ಮೊದಲೇ ಒಂದು ರೋಗಾಣುವಿಗೆ ಗೊತ್ತಿತ್ತು. ಭತ್ತದ ದುಂಡಾಣು ಅಂಗಮಾರಿ ರೋಗ ತರುವ ಬ್ಯಾಕ್ಟೀರಿಯಾ ಎಲೆಯೊಳಗೆ ನುಗ್ಗಿ ಸ್ವೀಟ್‌-11ರಂಥ ವಂಶವಾಹಿಗಳನ್ನು ತನಗಾಗಿ ಚಾಲೂ ಮಾಡಿಕೊಳ್ಳುತ್ತದೆ. ಕಾಳಿಗೆ ಸೇರಬೇಕಾದ ಸಕ್ಕರೆ ಎಲೆಯ ಕೋಶಗಳಿಂದ ಹೊರಗೆ ಸುರಿದು ಅದರ ಪಾಲಾಗುತ್ತದೆ. ಎಲೆಯ ಅಂಚು ಹಳದಿಯಾಗಿ, ಒಣಗಿ, ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ.

ಕೆಲವು ಭತ್ತದ ತಳಿಗಳಲ್ಲಿ ಈ ವಂಶವಾಹಿಯ ಮುಂದಿನ ತುಣುಕು ಸಹಜವಾಗಿಯೇ ಬದಲಾಗಿರುತ್ತದೆ. ರೋಗಾಣು ಅದನ್ನು ಚಾಲೂ ಮಾಡಲಾರದು. ತಳಿ ವಿಜ್ಞಾನಿಗಳು ಇದನ್ನು ಎಕ್ಸ್‌ಎ-13 ಎಂದು ಗುರುತಿಸಿ ದಶಕಗಳಿಂದ ಬಳಸುತ್ತಿದ್ದರು; ಅದು ಸಕ್ಕರೆ ಸಾಗಣೆಯ ವಂಶವಾಹಿ ಎಂಬುದು ತಿಳಿದದ್ದು ಆಮೇಲೆ.

ಇದರ ಲಾಭ ನಮ್ಮ ಪಕ್ಕದಲ್ಲೇ ಇದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬಿಪಿಟಿ 5204 ಎಂದು ಬೆಳೆಯುವ ಸಾಂಬಾ ಮಸೂರಿ ಈ ರೋಗಕ್ಕೆ ಬೇಗ ತುತ್ತಾಗುತ್ತದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಮತ್ತು ಭತ್ತ ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು ಎಕ್ಸ್‌ಎ-13 ಸೇರಿದಂತೆ ಮೂರು ನಿರೋಧಕ ವಂಶವಾಹಿಗಳನ್ನು ಅದಕ್ಕೆ ಸಂಕರಣದಿಂದ ಕೂಡಿಸಿ ಸುಧಾರಿತ ಸಾಂಬಾ ಮಸೂರಿಯನ್ನು ರೂಪಿಸಿದರು. ಅದು ಕುಲಾಂತರಿ ತಳಿಯಲ್ಲ.

ಸುದ್ದಿಯನ್ನು ತಿದ್ದಬಹುದೇ?

ಕಾಳು ಸಕ್ಕರೆಯ ಸುದ್ದಿ ಕೇಳಿ ಬೆಳೆಯುವುದಾದರೆ, ಆ ಸುದ್ದಿಯನ್ನೇ ತಿದ್ದಿ ಇಳುವರಿ ಹೆಚ್ಚಿಸಬಹುದಲ್ಲ? ಇತ್ತೀಚಿನ ವರ್ಷಗಳಲ್ಲಿ ಎರಡು ದಾರಿ ಹಿಡಿದು ಈ ಪ್ರಯತ್ನ ನಡೆದಿದೆ.

ಒಂದು ತಂಡ ಮೆಕ್ಕೆಜೋಳದ ಎಳೆಯ ತೆನೆಯಲ್ಲಿ ಟಿ6ಪಿ ಕಡಿಮೆಯಾಗುವಂತೆ ಭತ್ತದ ವಂಶವಾಹಿಯೊಂದನ್ನು ಸೇರಿಸಿತು. ಸಕ್ಕರೆ ಸಾಲದು ಎಂಬ ಸುಳ್ಳು ಸುದ್ದಿ ಹುಟ್ಟಿ ತೆನೆ ಇನ್ನಷ್ಟು ಸಕ್ಕರೆಯನ್ನು ತನ್ನತ್ತ ಎಳೆಯಿತು. 2015ರಲ್ಲಿ ಪ್ರಕಟವಾದ ಹೊಲದ ಪ್ರಯೋಗಗಳಲ್ಲಿ ಬರವಿಲ್ಲದ ಅಥವಾ ಸಾಧಾರಣ ಬರದ ಕಡೆ ಇಳುವರಿ ಶೇ 9ರಿಂದ 49ರಷ್ಟು ಏರಿತು. ಕಡು ಬರದಲ್ಲಿ, ಸಾದಾ ಗಿಡ ತೀರಾ ಸೋತಿದ್ದ ಕಡೆ, ಶೇ 31ರಿಂದ 123ರವರೆಗೆ. ಆದರೆ ಇದು ಕುಲಾಂತರಿ. ಭಾರತದಲ್ಲಿ ವಾಣಿಜ್ಯ ಸಾಗುವಳಿಯಲ್ಲಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಮಾತ್ರ.

ಇನ್ನೊಂದು ದಾರಿ ಸಿಂಪಡಣೆ. ಟಿ6ಪಿ ತಾನಾಗಿ ಎಲೆಯೊಳಗೆ ಇಳಿಯದು. ರಾಥಮ್‌ಸ್ಟೆಡ್‌ ಮತ್ತು ಆಕ್ಸ್‌ಫರ್ಡಿನ ವಿಜ್ಞಾನಿಗಳು ಕೋಶದೊಳಗೆ ನುಸುಳಬಲ್ಲ, ಬಿಸಿಲು ತಾಗಿದಾಗ ಟಿ6ಪಿಯನ್ನು ಬಿಡುಗಡೆ ಮಾಡುವ ರೂಪವೊಂದನ್ನು ತಯಾರಿಸಿದರು. ನಿಯಂತ್ರಿತ ವಾತಾವರಣದಲ್ಲಿ ಗೋಧಿಗೆ ಅದನ್ನು ಸಿಂಪಡಿಸಿದಾಗ ಕಾಳು ಶೇ 20ರವರೆಗೆ ದಪ್ಪವಾಯಿತು ಎಂದು 2016ರಲ್ಲಿ ವರದಿ ಮಾಡಿದರು. ಅರ್ಜೆಂಟೀನಾ ಮತ್ತು ಮೆಕ್ಸಿಕೊದ ಹೊಲಗಳಲ್ಲಿ ನಡೆದ ಪ್ರಯೋಗಗಳಲ್ಲಿ ಸರಾಸರಿ ಶೇ 10ರಷ್ಟು ಹೆಚ್ಚಳ ಸಿಕ್ಕಿದ್ದು 2025ರಲ್ಲಿ ಪ್ರಕಟವಾಯಿತು.

ಓದುಗರು ಇಲ್ಲೊಂದು ವಿರೋಧ ಗಮನಿಸಿರಬಹುದು. ಮೆಕ್ಕೆಜೋಳದಲ್ಲಿ ಟಿ6ಪಿ ಇಳಿಸಿದರು, ಗೋಧಿಯಲ್ಲಿ ಏರಿಸಿದರು. ಎರಡರಲ್ಲೂ ಫಲ ಸಿಕ್ಕಿತು. ಮೊದಲನೆಯದು ಹೂವಿನ ಹೊತ್ತಿಗೆ, ತೆನೆಗೆ ಸಕ್ಕರೆ ತರುವ ಅಂಗಾಂಶದಲ್ಲಿ. ಎರಡನೆಯದು ಹೂ ಬಿಟ್ಟ ಬಳಿಕ, ಪಿಷ್ಟ ಕಟ್ಟುವ ಕಾಳಿನಲ್ಲಿ. ಸುದ್ದಿ ಒಂದೇ ಆದರೂ ಯಾವಾಗ, ಎಲ್ಲಿ ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ಒಂದು ಬಾಟಲಿ ಔಷಧಿ ಎಲ್ಲ ಬೆಳೆಗೂ ಎಲ್ಲ ಕಾಲಕ್ಕೂ ಆದೀತು ಎಂದು ಯಾರಾದರೂ ಮಾರಲು ಬಂದರೆ ಅನುಮಾನಿಸುವುದು ಒಳ್ಳೆಯದು.

ಹೊಲಕ್ಕೆ ಇದರಿಂದೇನು?

ಹೊಸ ತಂತ್ರಗಳು ಬರುವವರೆಗೂ ಈ ತಿಳಿವಳಿಕೆಯಿಂದ ಕೈಗೆ ಸಿಗುವ ಲಾಭವಿದೆ. ಇರುವ ಒಂದೋ ಎರಡೋ ನೀರನ್ನು ಯಾವಾಗ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟ: ಹೂ ಬಿಡುವಾಗ ಮತ್ತು ಅದರ ನಂತರದ ಮೊದಲ ಎರಡು ವಾರ. ಆ ಹೊತ್ತಿನ ಬಾಯಾರಿಕೆ ಕಾಳಿನ ಸಂಖ್ಯೆಯನ್ನೂ ಕೋಶಗಳ ಸಂಖ್ಯೆಯನ್ನೂ ಕತ್ತರಿಸುತ್ತದೆ; ಮುಂದೆ ಬರುವ ಮಳೆ ಅದನ್ನು ಮರಳಿ ಕೊಡಲಾರದು. ತೆನೆ ಹೊರಬಂದ ಮೇಲೆ ಧ್ವಜ ಎಲೆಯನ್ನು ರೋಗ, ಕೀಟಗಳಿಂದ ಕಾಪಾಡುವುದೂ ಅಷ್ಟೇ ಮುಖ್ಯ. ಸಕ್ಕರೆ ನಾಳಕ್ಕೆ ಏರಲು ಪೊಟ್ಯಾಷಿಯಂ ಬೇಕು, ಆದ್ದರಿಂದ ಯೂರಿಯಾ ಒಂದನ್ನೇ ನಂಬಿ ಪೊಟ್ಯಾಷ್‌ ಬಿಡುವುದು ಸಲ್ಲದು.

ತಳಿ ಆಯ್ಕೆಯಲ್ಲೂ ಪಾಠವಿದೆ. ಹಿಂಗಾರಿ ಜೋಳ ಮಣ್ಣಲ್ಲಿ ಉಳಿದ ತೇವದ ಮೇಲೆ ಬೆಳೆದು, ಕಾಳು ಕಟ್ಟುವಾಗಲೇ ಬರ ಎದುರಿಸುತ್ತದೆ. ಮಾಲದಂಡಿ ಎಂದು ಕರೆಯುವ ಎಂ 35-1 ತಳಿ ದಶಕಗಳಿಂದ ನಮ್ಮ ಎರೆ ಹೊಲಗಳಲ್ಲಿ ಉಳಿದಿರುವುದು ಆ ಬರವನ್ನು ತಾಳುವುದರಿಂದ. ಇಥಿಯೋಪಿಯಾ ಮೂಲದ ಕೆಲವು ಜೋಳಗಳಲ್ಲಿ ಕೊನೆಯವರೆಗೂ ಎಲೆ ಹಸಿರಾಗಿರುವ ಗುಣವಿದೆ. ಅದನ್ನು ಹಿಂಗಾರಿ ತಳಿಗಳಿಗೆ ತರುವ ಕೆಲಸ ಭಾರತದಲ್ಲಿ ನಡೆಯುತ್ತಿದೆ.

ಹಸಿರು ಕ್ರಾಂತಿಯ ಕಾಲದಲ್ಲಿ ಗಿಡ ಗಿಡ್ಡವಾಯಿತು, ಗೊಬ್ಬರ ಹೆಚ್ಚಿತು, ತೆನೆಯಲ್ಲಿ ಕಾಳಿನ ಸಂಖ್ಯೆ ಏರಿತು. ಆ ದಾರಿ ಈಗ ಬಹುತೇಕ ಕೊನೆ ಮುಟ್ಟಿದೆ. ಬಿಟ್ಟ ಕಾಳೆಲ್ಲ ತುಂಬುವಂತೆ ಮಾಡುವುದು ಮುಂದಿನ ಕೆಲಸ. ಅದಕ್ಕೆ ಹೆಚ್ಚು ಗೊಬ್ಬರ, ಹೆಚ್ಚು ನೀರು ಸುರಿಯುವುದು ಪರಿಹಾರವಲ್ಲ. ಗಿಡ ತಯಾರಿಸಿದ ಸಕ್ಕರೆ ಸರಿಯಾದ ದಿನ, ಸರಿಯಾದ ಜಾಗದಲ್ಲಿ ಕಾಳಿಗೆ ಸಿಗುವಂತೆ ನೋಡಿಕೊಳ್ಳುವ ತಳಿ ಮತ್ತು ಬೇಸಾಯ ಬೇಕು. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಜೋಳ, ರಾಗಿಯಂಥ ಒಣಭೂಮಿಯ ಬೆಳೆಗಳಲ್ಲಿ ಈ ಸಂಶೋಧನೆಗೆ ಹಣ, ಜನ ಎರಡನ್ನೂ ತೊಡಗಿಸಲಿ. ಮೆಕ್ಕೆಜೋಳ, ಗೋಧಿಗಾಗಿ ಬೇರೆ ದೇಶಗಳು ಆ ಕೆಲಸ ಮಾಡುತ್ತಿವೆ. ನಮ್ಮ ಹಿಂಗಾರಿ ಜೋಳಕ್ಕಾಗಿ ನಾವೇ ಮಾಡಿಕೊಳ್ಳಬೇಕು.